ಡಬ್ಬ ಎಂಬ ಪದದ ಅರ್ಥ

ಕಾಯಿಲೆ ಬಿದ್ದಾಗಲೇ ಮನುಷ್ಯನಿಗೆ ಬದುಕಿನ ನಿಜವಾದ ಅರ್ಥ ತಿಳಿಯುತ್ತದೆ ಎಂದು ಬಲ್ಲವರು ಹೇಳುತ್ತಾರೆ. ನನಗೆ ತಿಳಿದದ್ದು ನಮ್ಮ ಮನೆಯ ನೆಲ ಪಡುವಣಕ್ಕೆ ತುಸು ವಾಲಿದೆ ಎಂಬುದು ಮಾತ್ರ. ಚಹಾ ಚೆಲ್ಲಿದರೆ ಅದು ಯಾವಾಗಲೂ ದೇವರ ಕೋಣೆಯ ಕಡೆಗೇ ಹರಿಯುತ್ತದೆ. ಮೂವತ್ತು ವರ್ಷ ಆ ಮನೆಯಲ್ಲಿದ್ದೂ ಇದು ನನ್ನ ಗಮನಕ್ಕೆ ಬಂದಿರಲಿಲ್ಲ. ಹದಿನಾಲ್ಕು ದಿನ ನೆಲವನ್ನೇ ನೋಡುವ ಶಿಕ್ಷೆ ಆದಮೇಲೆ ಬಂತು.

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನಾನು ಶಾಂತಚಿತ್ತದಿಂದ ಬರೆಯುತ್ತಿಲ್ಲ. ನಿಜವಾಗಿ ಬರೆಯುತ್ತಲೇ ಇಲ್ಲ, ಹೇಳುತ್ತಿದ್ದೇನೆ. ಬರೆದುಕೊಳ್ಳುತ್ತಿರುವವಳು ಮಗಳು ಶೈಲಾ. ಕಣ್ಣಿನ ಪರದೆಗೆ ತೂತು ಬಿದ್ದ ಇನ್ನಾರಾದರೂ ಇದನ್ನು ಯಾರಿಂದಲಾದರೂ ಓದಿಸಿ ಕೇಳಿದರೆ, ನನ್ನಷ್ಟು ಮೂರ್ಖತನ ಮಾಡದೆ ಇದ್ದಾರು ಎಂಬುದು ಉದ್ದೇಶ. ಸಮಾಧಾನ ಬೇಕಾದವರು ಬೇರೆ ಕಡೆ ನೋಡಬಹುದು.

ಮಡಂತ್ಯಾರಿನ ಆಸುಪಾಸಿನ ಒಂದು ಪ್ರೌಢಶಾಲೆಯಲ್ಲಿ ನಾನು ಮೂವತ್ತೊಂದು ವರ್ಷ ಕನ್ನಡ ಕಲಿಸಿದೆ. ನಮ್ಮ ಮನೆಮಾತು ತುಳು. ಕನ್ನಡ ನಮಗೆ ಪುಸ್ತಕದಿಂದ ಬಂದದ್ದು, ಇಸ್ತ್ರಿ ಮಾಡಿದ ಅಂಗಿಯ ಹಾಗೆ, ಹೊರಗೆ ಹೋಗುವಾಗ ಹಾಕಿಕೊಳ್ಳಲಿಕ್ಕೆ. ಆದ್ದರಿಂದ ಅದರಲ್ಲಿ ಒಂದು ಸುಕ್ಕು ಕಂಡರೂ ನಮಗೆ ಸಹನೆಯಾಗುವುದಿಲ್ಲ. ಘಟ್ಟದ ಮೇಲಿನವರು ಮಾತಾಡುವ ಕನ್ನಡ ಕೇಳಿ ನಾವು ಮೂಗು ಮುರಿಯುವುದು ಜಿಲ್ಲೆಗೆಲ್ಲ ತಿಳಿದ ವಿಷಯ. ಈ ಗುಣವೇ ಮುಂದಿನ ಕಥೆಯ ಖಳನಾಯಕ.

ಆರಂಭವಾದದ್ದು ದಿನಪತ್ರಿಕೆಯಿಂದ. ಮೂರು ತಿಂಗಳಿನಿಂದ ಪತ್ರಿಕೆಯಲ್ಲಿ ಅಕ್ಷರಗಳು ಬಿಟ್ಟುಹೋಗುತ್ತಿದ್ದವು. ಪದದ ಆದಿ ಇರುತ್ತಿತ್ತು, ಅಂತ್ಯ ಇರುತ್ತಿತ್ತು, ಮಧ್ಯ ಮಾಯ. ಸಾಲುಗಳು ಸೊಂಟ ಬಗ್ಗಿಸಿ ನಿಂತ ಹಾಗೆ ಕಾಣುತ್ತಿದ್ದವು. ಅಚ್ಚು ಹಾಕುವವರು ಈ ಮಟ್ಟಕ್ಕೆ ಇಳಿದರಲ್ಲ ಎಂದು ನಾನು ಸಂಪಾದಕರಿಗೆ ಮೂರು ಪತ್ರ ಬರೆದೆ. ಮೂರನೆಯದರಲ್ಲಿ ಒತ್ತಕ್ಷರಗಳ ಕೊಲೆ ನಡೆಯುತ್ತಿದೆ ಎಂಬ ಮಾತು ಇತ್ತು. ಅವರು ಸಭ್ಯರು. ದೋಷವಿರುವ ಪುಟವನ್ನು ಗುರುತು ಮಾಡಿ ಕಳಿಸಿ ಎಂದು ಉತ್ತರಿಸಿದರು. ಕೆಂಪು ಪೆನ್ನಿನಲ್ಲಿ ಹನ್ನೊಂದು ಕಡೆ ಸುತ್ತುಹಾಕಿ, ಲಕೋಟೆಗೆ ಹಾಕುವ ಮೊದಲು ಹೆಂಡತಿ ಗುಲಾಬಿಗೆ ತೋರಿಸಿದೆ.

ಅವಳು ಓದಿದಳು. "ಎಲ್ಲ ಸರಿ ಉಂಟಲ್ಲ," ಅಂದಳು.

"ಎಲ್ಲಿ ಸರಿ ಉಂಟು? ನಡು ಅಕ್ಷರ ಎಲ್ಲಿ ಹೋಯಿತು?"

"ನಡುವಿನಲ್ಲೇ ಉಂಟು. ಎಲ್ಲಿಗೆ ಹೋಗ್ತದೆ?"

ನಾನು ತಲೆಯೆತ್ತಿ ಅವಳ ಮುಖ ನೋಡಿದೆ. ಹಣೆ ಇತ್ತು, ಗಲ್ಲ ಇತ್ತು, ಕಿವಿಯ ಓಲೆಗಳು ಇದ್ದವು. ಮೂಗು ಇರಬೇಕಾದ ಕಡೆ ಒಂದು ಬೂದು ಚುಕ್ಕೆ. ಮೂವತ್ತಾರು ವರ್ಷ ನೋಡಿದ ಮೂಗು. ಆ ಪುಟವನ್ನು ನಾನು ಲಕೋಟೆಗೆ ಹಾಕಲಿಲ್ಲ.

ನನ್ನ ಬಲಗಣ್ಣು ಹುಟ್ಟಿನಿಂದಲೇ ಕೊನೆಯ ಬೆಂಚಿನ ವಿದ್ಯಾರ್ಥಿ. ಬಣ್ಣ, ಆಕಾರ ಹೇಳುತ್ತದೆ, ಓದು ಬರಹ ಅದಕ್ಕೆ ಹತ್ತಲಿಲ್ಲ. ಮೂವತ್ತೊಂದು ವರ್ಷ ಓದಿದ್ದು, ತಿದ್ದಿದ್ದು, ಮಾರ್ಕು ಹಾಕಿದ್ದು ಎಲ್ಲ ಎಡಗಣ್ಣು. ಈಗ ತೂತು ಬಿದ್ದದ್ದು ಅದಕ್ಕೆ. ಬಂಟ್ವಾಳದ ಕನ್ನಡಕದ ಅಂಗಡಿಯವನು ಬಲಗಣ್ಣು ಮುಚ್ಚಿಸಿ, ಚೌಕುಳಿಯ ಕಾಗದ ಹಿಡಿದು, "ಗೆರೆ ನೆಟ್ಟಗೆ ಉಂಟಾ ಮಾಸ್ಟ್ರೇ?" ಎಂದು ಕೇಳಿದ. ಇಲ್ಲ ಅಂದೆ. ಅವನು ಕನ್ನಡಕ ಮಾರುವ ಆಸೆ ಬಿಟ್ಟು ಕಾಗದ ಮಡಿಸಿಟ್ಟ. "ಇದು ನನ್ನ ಕೈಯಲ್ಲಿ ಆಗುವ ಕೆಲಸ ಅಲ್ಲ. ನಾಳೆಯೇ ಮಂಗಳೂರಿಗೆ ಹೋಗಿ. ನಾಡಿದ್ದು ಅನ್ನಬೇಡಿ." ಈ ಇಡೀ ಪ್ರಕರಣದಲ್ಲಿ ನನಗೆ ಅರ್ಥವಾಗುವ ಹಾಗೆ ಮಾತಾಡಿದ ಮೊದಲ ಮನುಷ್ಯ ಅವನು.

ಮಂಗಳೂರಿನ ಆಸ್ಪತ್ರೆಯ ಹೆಸರು ಬೇಡ. ಕಣ್ಣಾಸ್ಪತ್ರೆಗೆ ಹೋದವರಿಗೆ ಮೊದಲು ಮಾಡುವ ಉಪಚಾರವೆಂದರೆ ಡ್ರಾಪ್ಸ್ ಹಾಕಿ ಇದ್ದಬದ್ದ ನೋಟವನ್ನೂ ಮಂಜು ಮಾಡುವುದು. ಆಮೇಲೆ ಗೋಡೆಯ ಮೇಲೆ ಕೆಂಪು ಅಂಕಿಗಳಲ್ಲಿ ಟೋಕನ್ ಸಂಖ್ಯೆ ತೋರಿಸುತ್ತಾರೆ. ಕಾಣದವರು ನಲವತ್ತು ಮಂದಿ ಸಾಲಾಗಿ ಕೂತು, ಕಾಣಿಸದ ಸಂಖ್ಯೆಯನ್ನು ನೋಡುತ್ತಾ ಇರಬೇಕು. ಇದನ್ನು ಯೋಚಿಸಿದ ಮಹನೀಯರಿಗೆ ಕಣ್ಣು ಚೆನ್ನಾಗಿರಬೇಕು. ಹೆಂಡತಿಯನ್ನು ಕರೆದುಕೊಂಡು ಬಂದಿದ್ದ ಬ್ಯಾರಿ ಅಜ್ಜ ಒಬ್ಬರು ನಮ್ಮ ಅವಸ್ಥೆ ನೋಡಿ ತಾವಾಗಿಯೇ ಎದ್ದು ನಿಂತರು. ಪ್ರತಿ ಸಲ ಅಂಕಿ ಬದಲಾದಾಗ ಮೀನು ಹರಾಜಿನ ಗಂಟಲಿನಲ್ಲಿ ಕೂಗಿ ಹೇಳಿದರು. ಹೆಂಡತಿಯ ಸರದಿ ಮುಗಿದ ಮೇಲೂ ಹತ್ತು ಟೋಕನಿನವರೆಗೆ ನಿಂತೇ ಇದ್ದರು. ಅವರಿಗೆ ನಾನು ಕೃತಜ್ಞ. ಗೋಡೆಯ ಮೇಲೆ ಒಂದು ಜಲಪಾತದ ಚಿತ್ರವೂ ಇತ್ತು ಎಂದು ಗುಲಾಬಿ ಹೇಳಿದಳು. ಪ್ರಕೃತಿಯನ್ನು ಪ್ರೀತಿಸಿ ಎಂದು ಅದರ ಕೆಳಗೆ ಬರೆದಿತ್ತಂತೆ. ಅದಕ್ಕೆ ನಾನು ಕೃತಜ್ಞನಲ್ಲ.

ಡಾಕ್ಟರು ಚಿಕ್ಕ ಪ್ರಾಯದವರು. ನನ್ನ ಕಣ್ಣಿನೊಳಗೆ ಬೆಳಕು ಬಿಟ್ಟು ನೋಡಿ, "ಮ್ಯಾಕ್ಯುಲರ್ ಹೋಲ್, ಅಂಕಲ್" ಎಂದರು.

"ಹೋಲ್ ಅಂದರೆ ತೂತಾ?" ಗುಲಾಬಿ ಕೇಳಿದಳು.

"ಹೌದು ಆಂಟಿ. ಸರ್ಜರಿ ಮಾಡಿ ಒಳಗೆ ಗ್ಯಾಸ್ ತುಂಬಿಸ್ತೇವೆ. ಆಮೇಲೆ ಪೊಸಿಷನಿಂಗ್ ಇಂಪಾರ್ಟೆಂಟ್. ಅದನ್ನು ಸಿಸ್ಟರ್ ಹೇಳ್ತಾರೆ."

ಅಷ್ಟರಲ್ಲಿ ನಮ್ಮ ಸಮಯ ಮುಗಿದಿತ್ತು. ಒಬ್ಬ ಮನುಷ್ಯನಿಗೆ ಉಳಿದಿರುವ ಒಂದೇ ಓದುವ ಕಣ್ಣಿನ ವಿಚಾರವನ್ನು ಮೂರು ವಾಕ್ಯಗಳಲ್ಲಿ ಮುಗಿಸಿದ್ದನ್ನು, ಪ್ರಬಂಧದಲ್ಲಾದರೆ ನಾನು ಸಂಕ್ಷಿಪ್ತತೆಗೆ ಮೆಚ್ಚಿ ಅಂಕ ಕೊಡುತ್ತಿದ್ದೆ.

ಶಸ್ತ್ರಚಿಕಿತ್ಸೆಯ ಬಗ್ಗೆ ಹೇಳಲು ಹೆಚ್ಚಿಲ್ಲ. ಮುಖದ ಮೇಲೆ ಹಸಿರು ಬಟ್ಟೆ, ಒಳಗೆ ಯಾರೋ ಪಾತ್ರೆ ತೊಳೆಯುವ ಸದ್ದು. ಮಧ್ಯಾಹ್ನದ ಹೊತ್ತಿಗೆ ಎಡಗಣ್ಣಿಗೆ ಪಟ್ಟಿ ಕಟ್ಟಿ ವಾರ್ಡಿನಲ್ಲಿ ಒಂದು ಕುರ್ಚಿಯಲ್ಲಿ ಕೂರಿಸಿದರು. ಸಂಜೆಯೇ ಮನೆಗೆ ಹೋಗಬಹುದು, ದೂರದವರಾದ್ದರಿಂದ ನಾಲ್ಕನೆಯ ದಿನ ಬಂದರೆ ಸಾಕು ಎಂದರು. ಇಂಗ್ಲಿಷಿನಲ್ಲಿ ಅಚ್ಚಾದ ಸೂಚನೆಯ ಹಾಳೆಯೊಂದನ್ನು ಕಡತದಲ್ಲಿಟ್ಟು, ಕಡತವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಚೀಲವನ್ನು ಗುಲಾಬಿಯ ಕೈಯಲ್ಲಿಟ್ಟರು. ಗುಲಾಬಿಗೆ ಕನ್ನಡ ಓದಲು ಬರುತ್ತದೆ. ನನಗೆ ಇಂಗ್ಲಿಷ್ ಬರುತ್ತದೆ, ಕಣ್ಣಿಲ್ಲ. ಶೈಲಾಳಿಗೆ ಎರಡೂ ಉಂಟು. ಆದರೆ ಅವಳು ಮಿಜಾರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸದಲ್ಲಿರುವವಳು, ಅಲ್ಲಿಯೇ ಮನೆ ಮಾಡಿಕೊಂಡಿರುವವಳು. ಪರೀಕ್ಷೆಯ ಡ್ಯೂಟಿಯಿಂದ ರಜೆ ಸಿಕ್ಕಿರಲಿಲ್ಲ.

ಆಗ ನರ್ಸು ಬಂದಳು. ಉತ್ತರ ಕರ್ನಾಟಕದ ಹುಡುಗಿ, ಹೆಸರು ಮಹಾದೇವಿ. ಕೈ ಮೃದು, ಮಾತು ಚುರುಕು.

"ಅಜ್ಜಾರ, ಇಲ್ಲೆ ಕೇಳ್ರಿ. ಮನಿಗೆ ಹೋಗಿ ಹದಿನಾಕ ದಿನಾ ಡಬ್ಬ ಮಕ್ಕೋಬೇಕ್ರಿ. ಊಟಕ್ಕ, ಬಾತ್‌ರೂಮಿಗೆ ಅಷ್ಟ ಏಳೂದು. ಉಳದಿದ್ದ ಹೊತ್ತೆಲ್ಲಾ ಡಬ್ಬ."

ನೋವಿನ ಔಷಧದ ಅಮಲಿನಲ್ಲಿಯೂ ನನ್ನೊಳಗಿನ ಪಂಡಿತ ಎಚ್ಚರವಾಗಿದ್ದ. "ಡಬ್ಬ ಎಂದರೆ ನಾಮಪದವಲ್ಲವೇನಮ್ಮ?" ಎಂದೆ. "ಅದನ್ನು ಮಲಗುವುದು ಎಂಬ ಕ್ರಿಯಾಪದದ ಹಿಂದೆ ಹಾಗೆಯೇ ಇಡಲು ಬರುವುದಿಲ್ಲ. ಡಬ್ಬದಂತೆ ಮಲಗಬೇಕು ಎನ್ನಬೇಕು."

"ಡಬ್ಬ ಅಂದ್ರ ಡಬ್ಬ ರೀ ಅಜ್ಜಾರ. ಅದಕ್ಕೇನ ಬ್ಯಾರೆ ಹೆಸರೈತಿ?" ಎಂದು ಅವಳು ನಕ್ಕಳು. ಆ ಕಡೆಯಿಂದ ಯಾರೋ ಕರೆದರು, ಹೋದಳು.

ಗುಲಾಬಿ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಡಬ್ಬ ಮಲಗುವುದು ಅಂದರೆ ಎಂತ? ಮೇಲೆ ನೋಡಿಯಾ, ಕೆಳಗೆ ನೋಡಿಯಾ?"

"ಅಲುಗಾಡದೆ, ಡಬ್ಬ ಇಟ್ಟ ಹಾಗೆ. ನೆಟ್ಟಗೆ."

"ಒಂದು ಸಲ ಕೇಳುವನಾ?"

"ಅವಳನ್ನು ಕೇಳಿದರೆ ಇನ್ನೂ ನಾಲ್ಕು ತಪ್ಪು ಕನ್ನಡ ಹೇಳುತ್ತಾಳೆ ಅಷ್ಟೆ. ನೀನು ಅಡುಗೆಮನೆಯಲ್ಲಿ ಡಬ್ಬವನ್ನು ಕವುಚಿ ಇಡುತ್ತೀಯಾ? ಮುಚ್ಚಳ ಮೇಲೆ ಮಾಡಿಯೇ ಅಲ್ಲವಾ ಇಡುವುದು?"

ಗುಲಾಬಿ ಏನೋ ಹೇಳಲಿಕ್ಕೆ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸಿ, ಮುಚ್ಚಳ ಮೇಲೆ ಮಾಡಿ, ನಾನು ಮಡಂತ್ಯಾರಿಗೆ ಬಂದೆ.

ಮುಂದಿನ ಎರಡು ದಿನಗಳ ಬಗ್ಗೆ ಹೇಳುವಾಗ ನನಗೆ ಈಗಲೂ ಹಲ್ಲು ಕಚ್ಚುವ ಹಾಗಾಗುತ್ತದೆ. ಯಾಕೆಂದರೆ ಆ ಎರಡು ದಿನ ನಾನು ಸುಖವಾಗಿದ್ದೆ.

ಕಾಯಿಲೆಯ ಸುದ್ದಿ ಹಬ್ಬಿದಾಗಿನಿಂದ ಎಲ್ಲರದೂ ಒಂದೇ ಉಪದೇಶವಾಗಿತ್ತು. ಪ್ರಕೃತಿಯನ್ನು ನೋಡಿ, ಸಣ್ಣಪುಟ್ಟ ಸಂಗತಿಗಳಲ್ಲಿ ಆನಂದ ಕಾಣಿ. ಮೊಬೈಲಿಗೆ ದಿನವೂ ಸೂರ್ಯೋದಯದ ಚಿತ್ರ ಬರುತ್ತಿತ್ತು, ಕೆಳಗೆ ಸುಭಾಷಿತ. ಕಣ್ಣಿಗೆ ತೂತು ಬಿದ್ದವನಿಗೆ ಚಿತ್ರ ಕಳಿಸುವುದು ಕಾಲು ಮುರಿದವನಿಗೆ ಚಪ್ಪಲಿ ಉಡುಗೊರೆ ಕೊಟ್ಟ ಹಾಗೆ. ಇದರಲ್ಲಿ ಮುಂದಾಳು ನನ್ನ ಹೆಂಡತಿಯ ಅಣ್ಣ, ಶಿರ್ತಾಡಿಯ ಸೇಸಪ್ಪ ಭಾವ. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಯೋಗ ಹಿಡಿದವರು. ಮರುದಿನ ಬೆಳಿಗ್ಗೆಯೇ ಬಂದರು, ಕೈಯಲ್ಲಿ ಒಂದು ನೇತಾಡುವ ಕುಂಡ, ಅದರಲ್ಲಿ ಮನಿಪ್ಲಾಂಟಿನ ಬಳ್ಳಿ. ಶೈಲಾಳ ತೊಟ್ಟಿಲು ಕಟ್ಟಿದ ಹಳೆಯ ಕೊಕ್ಕೆ ನನ್ನ ಮಂಚದ ಮೇಲ್ಗಡೆ ಇತ್ತು. ಸ್ಟೂಲು ಹತ್ತಿ ಅದಕ್ಕೇ ತೂಗುಹಾಕಿದರು.

"ಭಾವ, ಹಸಿರು ನೋಡ್ತಾ ಮಲಗಿ. ಮನಸ್ಸು ಖಾಲಿ ಮಾಡಿ. ಆನಂದ ತಾನಾಗಿಯೇ ಬರ್ತದೆ."

"ಬಾರದಿದ್ದರೆ?"

"ಬರ್ತದೆ ಮಾರಾಯ್ರೆ, ನೀವೊಂದು."

ಬಂತು. ಅದೇ ನನ್ನ ಸಿಟ್ಟು. ಕೊನೆಯ ಬೆಂಚಿನ ನನ್ನ ಬಲಗಣ್ಣಿಗೆ ಆ ಬಳ್ಳಿ ಹಸಿರು ನೀರಿನ ಹಾಗೆ ಕಾಣುತ್ತಿತ್ತು. ಕಿಟಕಿಯಿಂದ ಗಾಳಿ ಬಂದರೆ ಅದರ ನೆರಳು ಸುಣ್ಣ ಬಳಿದ ಚಾವಣಿಯ ಮೇಲೆ ಈಜುತ್ತಿತ್ತು. ಕಿಟಕಿಯ ಹೊರಗೆ ಕೆಂಪು ದಾಸವಾಳ, ಅದಕ್ಕೆ ಬಂದು ಬಂದು ಹೋಗುವ ಸೂರಕ್ಕಿ. ರಸ್ತೆಯಲ್ಲಿ ಬೆಳ್ತಂಗಡಿ ಬಸ್ಸು ನಿಂತು, ಕಂಡಕ್ಟರ್ ಕೂಗಿ, ಮತ್ತೆ ಹೊರಡುವುದು ಕೇಳುತ್ತಿತ್ತು. ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಏನನ್ನೂ ತಿದ್ದಬೇಕಾಗಿರಲಿಲ್ಲ. ಮಂಚದ ಮೇಲೆ ಅಂಗಾತ ಬಿದ್ದುಕೊಂಡು, ಇಷ್ಟು ವರ್ಷ ಈ ಜನ ಹೇಳುತ್ತಿದ್ದದ್ದು ನಿಜವೇ ಇರಬೇಕು ಎಂದು ಒಂದು ಕ್ಷಣ ಅನ್ನಿಸಿದ್ದೂ ಉಂಟು. ಜೀವಮಾನದಲ್ಲಿ ಒಮ್ಮೆ ಉಪದೇಶ ಪಾಲಿಸಿದೆ. ಪಾಲಿಸಿದ ಹೊತ್ತಿನಲ್ಲಿ ಕಣ್ಣಿನೊಳಗೆ ಏನಾಗುತ್ತಿತ್ತು ಎಂಬುದು ಮೂರನೆಯ ದಿನ ತಿಳಿಯಿತು.

ಆ ದಿನ ಬೆಳಿಗ್ಗೆ ಶೈಲಾ ಸ್ಕೂಟರಿನಲ್ಲಿ ಬಂದಳು. ಹೆಲ್ಮೆಟ್ ತೆಗೆಯುತ್ತಲೇ ಕೋಣೆಯ ಬಾಗಿಲಲ್ಲಿ ನಿಂತಳು.

"ಅಪ್ಪ, ಯಾಕೆ ಅಂಗಾತ ಮಲಗಿದ್ದೀರಿ?"

"ಡಬ್ಬ ಮಲಗಬೇಕಂತೆ."

"ಎಂತ ಡಬ್ಬ? ಹಾಳೆ ಎಲ್ಲಿ? ಅಮ್ಮ, ಆ ಫೈಲು ಕೊಡು."

ಅವಳು ಓದಿದ ಸದ್ದಿಲ್ಲ. ಹಾಳೆ ಮಗುಚಿದ ಸದ್ದು ಮಾತ್ರ ಕೇಳಿತು. ಆಮೇಲೆ ಅವಳು ಹೇಳಿದ್ದು ಇಷ್ಟು: ಕಣ್ಣಿನೊಳಗೆ ತುಂಬಿಸಿದ ಗ್ಯಾಸು ಗುಳ್ಳೆ ಯಾವಾಗಲೂ ಮೇಲಕ್ಕೆ ತೇಲುತ್ತದೆ. ತೂತು ಇರುವುದು ಕಣ್ಣಿನ ಹಿಂಬದಿಯಲ್ಲಿ. ಮುಖ ಕೆಳಗೆ ಮಾಡಿದರೆ ಗುಳ್ಳೆ ಹಿಂದಕ್ಕೆ ಹೋಗಿ ತೂತನ್ನು ಒತ್ತಿಹಿಡಿಯುತ್ತದೆ, ಅಂಚುಗಳು ಕೂಡುತ್ತವೆ. ಅಂಗಾತ ಮಲಗಿದರೆ ಗುಳ್ಳೆ ಮುಂದಕ್ಕೆ ಬರುತ್ತದೆ, ತೂತು ತೆರೆದೇ ಇರುತ್ತದೆ. ಯಾವ ಕಾರಣಕ್ಕೂ ಅಂಗಾತ ಮಲಗಕೂಡದು ಎಂದು ದಪ್ಪ ಅಕ್ಷರದಲ್ಲಿ ಇತ್ತು.

"ಅವರ ಕಡೆ ಡಬ್ಬ ಅಂದರೆ ಬೋರಲು ಅಪ್ಪ. ಕವುಚಿ. ನಮ್ಮ ಲೈಬ್ರರಿಯಲ್ಲಿ ವಿಜಯಪುರದವರು ಒಬ್ಬರಿದ್ದಾರೆ, ದಿನಾ ಹೇಳ್ತಾರೆ, ಲೋಟ ಡಬ್ಬ ಹಾಕ್ರಿ ಅಂತ."

ನಾನು ಕವುಚಿಕೊಂಡೆ. ಎರಡು ದಿನ ತಡವಾಗಿ, ಒಂದೇ ಕ್ಷಣದಲ್ಲಿ. ದಿಂಬಿಗೆ ಮುಖ ಒತ್ತಿಕೊಂಡು, "ನಿಘಂಟು ನೋಡು," ಎಂದೆ. ಕಪಾಟಿನ ದೊಡ್ಡ ನಿಘಂಟು ತೆಗೆದು ನೋಡಿದಳು. ಅದರಲ್ಲಿ ಇತ್ತು. ಆ ನಿಘಂಟನ್ನು ನಿವೃತ್ತಿಯ ದಿನ ನನಗೆ ಶಾಲೆಯವರು ಸನ್ಮಾನಪೂರ್ವಕವಾಗಿ ಕೊಟ್ಟದ್ದು.

ಶೈಲಾ ಆಸ್ಪತ್ರೆಗೆ ಫೋನು ಮಾಡಿದಳು. ಕರೆ ಮೂರು ಜನರ ಕೈ ದಾಟಿತು. "ಈಗಿನಿಂದಲಾದ್ರೂ ಸರಿಯಾಗಿ ಮಲಗಲಿಕ್ಕೆ ಹೇಳಿ," ಎಂದು ನಾಲ್ಕನೆಯವರು ಹೇಳಿದರಂತೆ. ಮರುದಿನ ಹೋದಾಗ ಚಿಕ್ಕ ಡಾಕ್ಟರು ಪಟ್ಟಿ ತೆಗೆದು, ಬೆಳಕು ಬಿಟ್ಟು, "ಕಂಟಿನ್ಯೂ" ಎಂದರು. ಎರಡು ದಿನ ಹೇಗೆ ಮಲಗಿದ್ದಿರಿ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಶೈಲಾ ಬಾಯಿ ತೆರೆದಾಗ ಅವಳ ಕೈ ಒತ್ತಿದೆ. ತಪ್ಪು ಒಪ್ಪಿಕೊಳ್ಳದೆ ಸುಮ್ಮನಿದ್ದ ಮಕ್ಕಳಿಗೆ ನಾನು ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ ಕೊಡುತ್ತಿದ್ದೆ.

ಹದಿನಾಲ್ಕು ದಿನ ಮೂರನೆಯ ದಿನದಿಂದ ಶುರುವಾಯಿತು. ಮಂಚದ ತುದಿಯಲ್ಲಿ ದಿಂಬಿಟ್ಟು ಹಣೆಯನ್ನು ಅದಕ್ಕೆ ಊರಿ, ಮುಖ ಹೊರಗೆ ಇಳಿಬಿಟ್ಟು ಮಲಗುವುದು. ಕೂತರೆ ಮೇಜಿಗೆ ಹಣೆ ಊರುವುದು. ನಡೆದರೆ ಗಲ್ಲ ಎದೆಗೆ ತಾಗಿಸಿ, ಸಾಲ ಕೇಳಲು ಬಂದವನ ಹಾಗೆ. ಬಂದವರನ್ನು ನಾನು ಪಾದಗಳಿಂದ ಗುರುತಿಸತೊಡಗಿದೆ. ಸೇಸಪ್ಪ ಭಾವನ ಹೆಬ್ಬೆರಳು ಮೇಲಕ್ಕೆ ನೋಡುತ್ತದೆ, ಅವರ ಹಾಗೆಯೇ ಆಶಾವಾದಿ. ಅವರು ನನ್ನ ತಲೆಯ ಹಿಂಭಾಗಕ್ಕೆ ಸಂಬೋಧಿಸಿ ಮಾತಾಡಿದರು.

"ಭಾವ, ಬಳ್ಳಿ ಒಂದು ಹೊಸ ಎಲೆ ಬಿಟ್ಟಿದೆ. ನೋಡಿದ್ರಾ?"

"ಹೇಗೆ ನೋಡಲಿ? ಬೆನ್ನಿನಲ್ಲಿ ಕಣ್ಣುಂಟಾ?"

"ಇಲ್ಲೇ ಮೇಲೆ, ಸ್ವಲ್ಪ ಕತ್ತೆತ್ತಿ..."

"ಅಣ್ಣಾ," ಎಂದಳು ಗುಲಾಬಿ. ಅದು ಸಣ್ಣ ದನಿಯೇ. ಆದರೆ ಮೇಲಕ್ಕೆ ನೋಡುತ್ತಿದ್ದ ಹೆಬ್ಬೆರಳುಗಳು ಹಿಂದೆ ಸರಿದವು. ಅವರು ಹೋಗುವಾಗ ಕುಂಡವನ್ನು ಬಿಚ್ಚಿ ಜಗಲಿಯಲ್ಲಿ ಇಟ್ಟು ಹೋದರು. ಮರುದಿನ ಬಂದವರು ಉಪದೇಶ ಮಾಡಲಿಲ್ಲ, ನನ್ನ ಪಕ್ಕದಲ್ಲಿ ಚಾಪೆ ಹಾಸಿ ತಾವೂ ಒಂದು ಗಳಿಗೆ ಬೋರಲು ಮಲಗಿ ನೋಡಿದರು. "ಕಷ್ಟ ಉಂಟು ಮಾರಾಯ್ರೆ," ಎಂದು ಎದ್ದರು. ಅವರ ಯೋಗದಿಂದ ನನಗೆ ಆದ ಉಪಕಾರ ಅದೊಂದೇ, ಆದರೆ ಸಣ್ಣದಲ್ಲ.

ಆರನೆಯ ದಿನವೋ ಏಳನೆಯ ದಿನವೋ ನಾನು ಕೂಗಾಡಿದೆ. ಕುತ್ತಿಗೆ ಕಲ್ಲಾಗಿತ್ತು, ಹಣೆಯಲ್ಲಿ ದಿಂಬಿನ ಹೊಲಿಗೆಯ ಅಚ್ಚು. "ಮನುಷ್ಯ ಇಡೀ ದಿನ ತಲೆ ತಗ್ಗಿಸಿ ಇರಲಿಕ್ಕೆ ಆಗುತ್ತದಾ?" ಎಂದೆ.

ಗುಲಾಬಿ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದಳು. ತುರಿಯುವ ಸದ್ದು ನಿಂತಿತು.

"ನಾನು ಮೂವತ್ತಾರು ವರ್ಷದಿಂದ ಹೀಗೆಯೇ ಇದ್ದೇನೆ," ಎಂದಳು. "ತುರಿಯುವುದು ತಲೆ ತಗ್ಗಿಸಿ, ಅಕ್ಕಿ ಆರಿಸುವುದು ತಲೆ ತಗ್ಗಿಸಿ, ಗುಡಿಸುವುದು, ಒರೆಸುವುದು, ಬಟ್ಟೆ ಒಗೆಯುವುದು ತಲೆ ತಗ್ಗಿಸಿ. ನನಗೆ ಯಾರೂ ಗ್ಯಾಸ್ ಹಾಕಿರಲಿಲ್ಲ."

ನಾನು ಎದ್ದು ಅಡುಗೆಮನೆಗೆ ಹೋಗಿ, "ಆ ತುರಿಮಣೆ ಇತ್ತ ಕೊಡು," ಎಂದೆ. "ಎಂತಕ್ಕೆ? ಕೈ ತುರಿದುಕೊಳ್ಳಲಿಕ್ಕಾ?" ಎಂದಳು, ಕೊಡಲಿಲ್ಲ. ಬದಲಿಗೆ ಒಂದು ಗೆರಸೆ ತುಂಬ ಹಲಸಿನ ಬೀಜ ತಂದು ಮುಂದಿಟ್ಟಳು. ಸಿಪ್ಪೆ ಬಿಡಿಸುವ ಕೆಲಸಕ್ಕೆ ಓದುವ ಕಣ್ಣು ಬೇಡ.

ಹೀಗೆ ನಾನು ಅಡುಗೆಮನೆಗೆ ಭರ್ತಿಯಾದೆ. ಬೀಜ ಬಿಡಿಸಿದೆ, ಬಸಳೆಯ ಎಲೆ ಕಿತ್ತೆ, ಹುಣಸೆಯ ಬೀಜ ತೆಗೆದೆ. ಹಲಸಿನ ಬೀಜದ ಹೊರ ಸಿಪ್ಪೆ ಒಣಗಿದ್ದರೆ ಪಟ್ಟೆಂದು ಒಂದೇ ಏಟಿಗೆ ಬಿಡುತ್ತದೆ. ಆ ಪಟ್ ಎಂಬ ಸದ್ದಿನಲ್ಲಿ ಒಂದು ತೃಪ್ತಿ ಉಂಟು, ಶುದ್ಧ ಪ್ರಾಸದಲ್ಲಿ ಸಿಗುವಂಥದ್ದು. ಹಿಂಬಾಗಿಲಿನಿಂದ ಹತ್ತು ಗಂಟೆಯ ಬಿಸಿಲು ಕೆಂಪು ನೆಲದ ಮೇಲೆ ಉದ್ದಕ್ಕೆ ಬೀಳುತ್ತಿತ್ತು. ಅದರಲ್ಲಿ ಇರುವೆಗಳ ಸಾಲು. ಮುಖ ನೆಲಕ್ಕೆ ಒಂದು ಗೇಣು ದೂರದಲ್ಲಿದ್ದಾಗ ಕೊನೆಯ ಬೆಂಚಿನ ಕಣ್ಣಿಗೂ ಇರುವೆ ಕಾಣುತ್ತದೆ, ಇರುವೆಗಿಂತ ದೊಡ್ಡದಾಗಿ ಅದರ ನೆರಳು ಕಾಣುತ್ತದೆ. ತೆಂಗಿನ ತುರಿಯ ಒಂದು ಎಳೆಯನ್ನು ಐದು ಇರುವೆಗಳು ಹೊತ್ತುಕೊಂಡು ಹೋಗುತ್ತಿದ್ದವು, ಮೂರು ಒಂದು ದಿಕ್ಕಿಗೆ, ಎರಡು ಅದಕ್ಕೆ ವಿರುದ್ಧವಾಗಿ. ನಮ್ಮ ಶಾಲೆಯ ಆಡಳಿತ ಮಂಡಳಿಯೂ ಹೀಗೆಯೇ ನಡೆಯುತ್ತಿತ್ತು, ಆದರೆ ಇವು ಕೊನೆಗೆ ಗೋಡೆ ಮುಟ್ಟಿದವು.

ಒಂದು ಬೆಳಿಗ್ಗೆ ಬಸಳೆ ತೊಳೆಯಲು ಗುಲಾಬಿ ಅಗಲದ ಹರಿವಾಣದಲ್ಲಿ ನೀರು ತುಂಬಿಸಿ ಹಿತ್ತಲ ಮೆಟ್ಟಿಲಿನ ಮೇಲೆ ಇಟ್ಟಿದ್ದಳು. ನಾನು ಅದರ ಮುಂದೆ ತಲೆ ತಗ್ಗಿಸಿ ಕೂತೆ. ನೀರು ನಿಶ್ಚಲವಾದಾಗ ಅದರಲ್ಲಿ ಪಪ್ಪಾಯಿ ಮರದ ತಲೆ ಬಂತು, ಅದರ ಹಿಂದೆ ಒಂದು ತುಂಡು ಆಕಾಶ. ಒಂಬತ್ತು ದಿನಗಳ ಮೇಲೆ ನೋಡಿದ ಆಕಾಶ. ಮೈನಾ ಹಕ್ಕಿಯೊಂದು ಬಂದು ಪಪ್ಪಾಯಿಯ ಮೇಲೆ ಕೂತಿತು. ಹಣ್ಣು ಕುಕ್ಕಿದ್ದು ಸ್ಪಷ್ಟ ಕಾಣಲಿಲ್ಲ, ಮರ ಅಲುಗಿದ್ದು ಕಂಡಿತು. ಕೈಯಲ್ಲಿ ಬಸಳೆ ಹಿಡಿದುಕೊಂಡು ಎಷ್ಟು ಹೊತ್ತು ಹಾಗೆ ಇದ್ದೆನೋ ತಿಳಿಯದು. ಸಂತೋಷವಾಯಿತು. ಆದದ್ದಕ್ಕೆ ಸಿಟ್ಟೂ ಬಂತು. ಇಂಥದೇ ಸುಖ ಎರಡು ದಿನ ಕೊಟ್ಟು ನನ್ನ ಕಣ್ಣನ್ನು ಕಿತ್ತುಕೊಂಡಿರಬಹುದು. ಈಗ ಮತ್ತೆ ಬಂದಿದೆ, ಏನೂ ಗೊತ್ತಿಲ್ಲದ ಹಾಗೆ.

"ಆಯಿತಾ?" ಗುಲಾಬಿ ಬಂದು ಪಕ್ಕದ ಮೆಟ್ಟಿಲಲ್ಲಿ ಕೂತಳು.

"ಆಕಾಶ ಕಾಣುತ್ತದೆ," ಎಂದೆ.

ಅವಳು ನೀರಿನತ್ತ ನೋಡಿದಳು. ಬಸಳೆಯ ಒಂದು ದಂಟು ತೆಗೆದುಕೊಂಡು ಎಲೆ ಕೀಳಲು ಶುರುಮಾಡಿದಳು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತು.

"ಒಂದು ಮಾತು ಹೇಳ್ತೇನೆ," ಎಂದಳು. "ಆ ದಿನ ವಾರ್ಡಿನಲ್ಲಿ ಕಿಟಕಿಯ ಹತ್ತಿರದ ಬೆಡ್ಡಿನಲ್ಲಿ ಒಬ್ಬರು ಕವುಚಿ ಮಲಗಿದ್ದರು. ಅವರ ಎಡಗಣ್ಣಿಗೂ ಪಟ್ಟಿ ಇತ್ತು. ನಾನು ನೋಡಿದ್ದೆ."

ಅವಳು ಇನ್ನೊಂದು ದಂಟು ತೆಗೆದುಕೊಂಡಳು.

"ಹೇಳುವ ಅಂತ ಬಾಯಿ ತೆರೆದೆ. ಹೇಳಿದರೆ ನೀವು ಮತ್ತೆ ವ್ಯಾಕರಣ ಹೇಳ್ತೀರಿ ಅಂತ ಸುಮ್ಮನಾದೆ. ಅಷ್ಟು ಜನರ ಮುಂದೆ ಬೇಡ ಅಂತ. ಮೂವತ್ತಾರು ವರ್ಷದ ಅಭ್ಯಾಸ."

ಅವಳ ಕೈ ಎಲೆ ಕೀಳುತ್ತಲೇ ಇತ್ತು. ದನಿಯಲ್ಲಿ ಅಳು ಇರಲಿಲ್ಲ. ಇದ್ದದ್ದು ಸಿಟ್ಟು, ನನ್ನದಕ್ಕಿಂತ ಬಹಳ ಹಳೆಯದು. ನನ್ನ ಸಿಟ್ಟು ಆವರೆಗೆ ಊರೆಲ್ಲ ಅಲೆದಿತ್ತು: ಮೂರು ವಾಕ್ಯದ ಡಾಕ್ಟರು, ಇಂಗ್ಲಿಷ್ ಹಾಳೆ, ಕೆಂಪು ಅಂಕಿ, ಜಲಪಾತ, ಸುಭಾಷಿತ, ಮನಿಪ್ಲಾಂಟು. ಅವರೆಲ್ಲರ ಮೇಲಿನ ಸಿಟ್ಟು ನ್ಯಾಯವಾದದ್ದೇ, ಒಂದನ್ನೂ ನಾನು ಹಿಂತೆಗೆದುಕೊಳ್ಳುವುದಿಲ್ಲ. ಕಾಣದವನ ಕೈಗೆ ಓದುವ ಹಾಳೆ ಕೊಟ್ಟವರನ್ನು ನಾನು ಕ್ಷಮಿಸಿಲ್ಲ. ಆದರೆ ತರಗತಿಯಲ್ಲಿ ಉತ್ತರ ಗೊತ್ತಿದ್ದ ಒಬ್ಬಳೇ ಒಬ್ಬ ವಿದ್ಯಾರ್ಥಿನಿ ಕೈ ಎತ್ತದ ಹಾಗೆ ಮಾಡಿದ ಮಾಸ್ತರು ಅವರಲ್ಲಿ ಯಾರೂ ಅಲ್ಲ.

"ತಪ್ಪು ನನ್ನದು," ಎಂದೆ ನೆಲಕ್ಕೆ.

"ಹೌದು," ಎಂದಳು ಗುಲಾಬಿ. "ದಂಟು ಬಿಸಾಡಬೇಡಿ, ಸಾಂಬಾರಿಗೆ ಬೇಕು."

ಉಳಿದ ದಿನಗಳನ್ನು ನಾವು ಹೆಚ್ಚಾಗಿ ಆ ಮೆಟ್ಟಿಲಿನಲ್ಲಿಯೇ ಕಳೆದೆವು. ಅವಳು ಪತ್ರಿಕೆ ಓದುತ್ತಿದ್ದಳು, ನಾನು ಕೇಳುತ್ತಿದ್ದೆ. ಉಚ್ಚಾರ ತಪ್ಪಿದಾಗ ನಾನು ತಿದ್ದಲಿಲ್ಲ. ಎರಡು ಸಲ ನಾಲಿಗೆ ಕಚ್ಚಿಕೊಂಡದ್ದು ನಿಜ. ಗಾಳಿಗೆ ಹರಿವಾಣದ ನೀರು ಅಲುಗಿದರೆ ಆಕಾಶ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಅದನ್ನು ನಾನು ಆನಂದ ಎಂದು ಕರೆಯಲು ಈಗಲೂ ಸಿದ್ಧನಿಲ್ಲ. ಆ ಶಬ್ದ ಸೇಸಪ್ಪ ಭಾವನ ಕೈಯಲ್ಲಿ ಸವೆದುಹೋಗಿದೆ. ಆ ಹೊತ್ತಿನಲ್ಲಿ ನನಗೆ ಬೇರೆ ಕಡೆ ಇರಬೇಕು ಅನ್ನಿಸಲಿಲ್ಲ, ಅಷ್ಟು ಹೇಳಬಲ್ಲೆ.

ಕೂತು ನಿಂತು ತಲೆಯೆತ್ತಲು ಅನುಮತಿ ಸಿಕ್ಕಿದ ಮೇಲೂ ಗ್ಯಾಸು ಪೂರ್ತಿ ಕರಗಲು ಕೆಲವು ವಾರ ಹಿಡಿಯಿತು. ಎಡಗಣ್ಣಿನಲ್ಲಿ ಒಂದು ಗೆರೆ ದಿನದಿನಕ್ಕೆ ಕೆಳಗಿಳಿಯುತ್ತಿತ್ತು, ಗೆರೆಯ ಮೇಲೆ ಲೋಕ ತಿಳಿಯಾಗುತ್ತಿತ್ತು. ಮೊದಲು ಚಾವಣಿ ಬಂತು, ಆಮೇಲೆ ಬಾಗಿಲ ಮೇಲಿನ ತೋರಣ, ಆಮೇಲೆ ಗುಲಾಬಿಯ ಹಣೆ. ಗುಳ್ಳೆ ಒಂದು ಕಡಲೆಯಷ್ಟಾಗಿ, ಎಳ್ಳಷ್ಟಾಗಿ, ಒಂದು ಮಧ್ಯಾಹ್ನ ಇಲ್ಲವಾಯಿತು. ನಾನು ಗುಲಾಬಿಯ ಮುಖದ ನಡುವೆ ನೋಡಿದೆ. ಅವಳು ಉಸಿರು ಹಿಡಿದು ನಿಂತಿದ್ದಳು. "ಮೂಗು ಉಂಟಾ?" ಎಂದಳು.

"ಅರ್ಧ ಉಂಟು," ಎಂದೆ.

ಕೊನೆಯ ತಪಾಸಣೆಗೆ ಮೂವರೂ ಹೋದೆವು. ಈ ಸಲ ನಾನೇ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ, ಡಬ್ಬದಿಂದ ಮುಚ್ಚಳದವರೆಗೆ. ಅವರು ನಗಲಿಲ್ಲ. ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು.

"ಆ ಎರಡು ದಿನದಿಂದಲೇ ಹೀಗಾಯಿತಾ?" ಎಂದು ಕೇಳಿದೆ.

"ಹೇಳಲಿಕ್ಕೆ ಆಗುವುದಿಲ್ಲ ಅಂಕಲ್. ಸರಿಯಾಗಿ ಮಲಗಿದವರಿಗೂ ಕೆಲವೊಮ್ಮೆ ಹೀಗೆ ಆಗ್ತದೆ. ಆ ಹಾಳೆಯನ್ನು ಕನ್ನಡದಲ್ಲಿ ಮಾಡಿಸಬೇಕಿತ್ತು. ನಮ್ಮದೂ ತಪ್ಪುಂಟು."

ಹೇಳಲಿಕ್ಕೆ ಆಗುವುದಿಲ್ಲ ಎಂಬುದೇ ಉಳಿದ ಆಯುಷ್ಯಕ್ಕೆ ನನ್ನ ಪಾಲಿಗೆ ಬಂದ ವಾಕ್ಯ. ಅದರಲ್ಲಿ ವ್ಯಾಕರಣದ ದೋಷವಿಲ್ಲ. ದಿನಕ್ಕೆ ಒಮ್ಮೆಯಾದರೂ ಅದರ ಮೇಲೆ ನನಗೆ ಸಿಟ್ಟು ಬರುತ್ತದೆ.

ಹೊರಗೆ ಮಹಾದೇವಿ ಇನ್ನೊಬ್ಬ ಮುದುಕರಿಗೆ ಡ್ರಾಪ್ಸ್ ಹಾಕುತ್ತಿದ್ದಳು. ಗುಲಾಬಿ ಅವಳ ಹತ್ತಿರ ಹೋಗಿ ನಡೆದದ್ದನ್ನು ಹೇಳಿದಳು. ಹುಡುಗಿಯ ಕೈ ಅರ್ಧದಲ್ಲಿ ನಿಂತಿತು.

"ಅಯ್ಯ ನಮ್ಮವ್ವ. ನಾ ಹೇಳಿದ್ನೆಲ್ರೀ ಅಜ್ಜಾರ, ಡಬ್ಬ ಅಂತ."

"ಹೇಳಿದ್ದಿ ತಾಯಿ," ಎಂದೆ. "ನಿನ್ನ ಕನ್ನಡ ಸರಿಯಾಗಿಯೇ ಇತ್ತು. ನನಗೆ ಬರುತ್ತಿರಲಿಲ್ಲ."

ಅವಳು ಕಣ್ಣು ಒರೆಸಿಕೊಂಡಳು. ಆಮೇಲೆ ಆ ಮುದುಕರ ಕಡೆ ತಿರುಗಿ ತನ್ನ ಎರಡು ಅಂಗೈಗಳನ್ನು ಮೊದಲು ಮೇಲೆ ಮಾಡಿ ತೋರಿಸಿ ಅಲ್ಲ ಎಂದು ತಲೆಯಾಡಿಸಿದಳು, ಮತ್ತೆ ಕೆಳಗೆ ಮಾಡಿ ತೋರಿಸಿ ಹೌದು ಎಂದು ತಲೆಯಾಡಿಸಿದಳು. ಎರಡು ಸಲ ಹಾಗೆ ಮಾಡಿದಳು. ಮುದುಕರು ತಮ್ಮ ಕೈಯನ್ನೂ ಹಾಗೆಯೇ ಮಗುಚಿ ತೋರಿಸುವವರೆಗೆ ಅವಳು ಬಿಡಲಿಲ್ಲ.

ನನ್ನ ಎಡಗಣ್ಣಿನ ತೂತು ಅಂಚಿನಲ್ಲಿ ಕೂಡಿದೆ, ನಡುವೆ ಕೂಡಿಲ್ಲ. ಇನ್ನೊಂದು ಶಸ್ತ್ರಚಿಕಿತ್ಸೆಯಿಂದ ಪ್ರಯೋಜನವಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ.